ನಾಲ್ಕೇ ನಾಲ್ಕು ಕಾರ್ಡು, ಸಾವಿರ ಹಾಡು!

“ನಾಲ್ಕೇ ನಾಲ್ಕು ಕಾರ್ಡ್ ಕಲಿತುಬಿಡಿ ಸಾರ್, ಸಾವಿರ ಹಾಡು ನಿಮ್ಮ ಕೈಯಲ್ಲಿ!”

ಈ ಮಾತು ಹೇಳದೆ ಗಿಟಾರ್ ಮಾರುವ ಅಂಗಡಿಯವನನ್ನು ನಾನಿನ್ನೂ ಕಂಡಿಲ್ಲ. ಮಾತಿನಲ್ಲಿ ಸುಳ್ಳಿಲ್ಲ, ತೊಂದರೆ ಇರುವುದೇ ಅಲ್ಲಿ. ಸುಳ್ಳಾಗಿದ್ದರೆ ಗ್ರಾಹಕರ ಆಯೋಗಕ್ಕಾದರೂ ಹೋಗಬಹುದಿತ್ತು. ಜಿ, ಡಿ, ಇ ಮೈನರ್, ಸಿ, ಈ ನಾಲ್ಕು ಕಾರ್ಡನ್ನೇ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನೇ, ಹಿಂದುಮುಂದು ಮಾಡಿ ಕಟ್ಟಿದ ಹಾಡುಗಳು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ನಮ್ಮ ಕನ್ನಡದಲ್ಲೂ ರಾಶಿ ಬಿದ್ದಿವೆ. ಅಂಗಡಿಯವನು ಬಾಯಿಬಿಡದ ಸಣ್ಣಕ್ಷರದ ಷರತ್ತು ಒಂದೇ: ಕಾರ್ಡು ಹಿಡಿಯುವುದು ಬೇರೆ, ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವುದು ಬೇರೆ. ಮೊದಲನೆಯದಕ್ಕೆ ಒಂದು ಭಾನುವಾರ ಧಾರಾಳ ಸಾಕು. ಎರಡನೆಯದಕ್ಕೆ ಎಷ್ಟು ಭಾನುವಾರ ಬೇಕಪ್ಪಾ ಅಂತ ಕೇಳಿ ನೋಡಿ, ಅವನು ಮಾತು ಬಿಟ್ಟು ಗಿಟಾರ್ ಚೀಲದ ಜಿಪ್ ಎಳೆಯಲು ಶುರುಮಾಡುತ್ತಾನೆ.

ಇದೆಲ್ಲ ಯೂಟ್ಯೂಬ್ ಬಂದ ಮೇಲಿನ ಹಾವಳಿ ಅಂದುಕೊಳ್ಳಬೇಡಿ. 1606ರಲ್ಲಿ ಫ್ಲಾರೆನ್ಸ್ ಪಟ್ಟಣದಲ್ಲಿ ಜಿರೊಲಮೊ ಮಾಂಟೆಸಾರ್ಡೊ ಎಂಬ ಪುಣ್ಯಾತ್ಮ ಗಿಟಾರ್ ಪುಸ್ತಕವೊಂದನ್ನು ಅಚ್ಚು ಹಾಕಿಸಿದ. ಪುಸ್ತಕದ ಹೆಸರಿನಲ್ಲೇ ಜಾಹೀರಾತು ಸೇರಿಸಿದ್ದ: ಅಂಕಿ ಬೇಡ, ಸ್ವರಲಿಪಿ ಬೇಡ, ಗುರುವೂ ಬೇಡ, ಯಾರು ಬೇಕಾದರೂ ತಮ್ಮಷ್ಟಕ್ಕೆ ಕಲಿಯಬಹುದು ಅಂತ. ಅವನ ಉಪಾಯವೇನೋ ಚೆನ್ನಾಗಿಯೇ ಇತ್ತು. ಒಂದೊಂದು ಕಾರ್ಡಿಗೆ ಒಂದೊಂದು ಅಕ್ಷರ ಕೊಟ್ಟ. ಅಕ್ಷರ ಕಂಡಾಗ ಆ ಹಿಡಿತ ಹಿಡಿ, ಬಾರಿಸು, ಅಷ್ಟೇ. ಅವನ ಅಕ್ಷರಗಳು ಇವತ್ತಿನವಲ್ಲ. ಅವನ ಎ ಅಂದರೆ ನಮ್ಮ ಜಿ, ಅವನ ಬಿ ಅಂದರೆ ನಮ್ಮ ಸಿ, ಅವನ ಸಿ ಅಂದರೆ ನಮ್ಮ ಡಿ. ಎಲ್ಲಕ್ಕೂ ಮೊದಲು ಒಂದು ಕೂಡಿಸುವ ಗುರುತು, ಅದು ಇ ಮೈನರ್. ಪಟ್ಟಿಯ ಮೊದಲ ಎಂಟನ್ನು ಇವತ್ತಿನ ಹೆಸರಿನಲ್ಲಿ ಓದಿಕೊಳ್ಳಿ: ಇ ಮೈನರ್, ಜಿ, ಸಿ, ಡಿ, ಎ ಮೈನರ್, ಡಿ ಮೈನರ್, ಇ, ಎಫ್. ಮಲ್ಲೇಶ್ವರದ್ದೋ ಮೈಸೂರಿನದ್ದೋ ಯಾವುದಾದರೂ ಗಿಟಾರ್ ಕ್ಲಾಸಿನಲ್ಲಿ ಹೊಸಬರ ಕೈಗೆ ಕೊಡುವ ಜೆರಾಕ್ಸ್ ಹಾಳೆ ತೆಗೆದು ನೋಡಿ, ಹೆಚ್ಚುಕಮ್ಮಿ ಇದೇ ಎಂಟು. ಆಗಿನ ಗಿಟಾರಿಗೆ ಇದ್ದದ್ದು ಐದೇ ಸಾಲು ತಂತಿ. ಆರನೆಯದು ಆಮೇಲೆ ಬಂತು, ಯುರೋಪಿನಲ್ಲಿ ರಾಜರು ಹೋದರು, ಸಾಮ್ರಾಜ್ಯಗಳು ಮುಳುಗಿದವು, ಹಾಳೆ ಮಾತ್ರ ಜಪ್ಪಯ್ಯ ಅಂದರೂ ಬದಲಾಗಲಿಲ್ಲ.

ಇದಾಗಿ ಐದೇ ವರ್ಷಕ್ಕೆ, 1611ರಲ್ಲಿ, ಸ್ಪೇನಿನ ನಿಘಂಟುಕಾರ ಕೊವರ್ರೂಬಿಯಾಸ್ ತನ್ನ ನಿಘಂಟಿನಲ್ಲೇ ಸಿಡುಕಿದ. ವಿಹುಯೆಲಾ ಎಂಬ ಘನವಾದ ವಾದ್ಯವನ್ನು ಕೇಳುವವರೇ ಇಲ್ಲ, ಗಿಟಾರ್ ಅಂದರೆ ದನದ ಕೊರಳ ಗಂಟೆಗೆ ಸಮ, ಬರಬರ ಗೀರಿದರೆ ಸಾಕು, ಕುದುರೆ ಲಾಯದ ಆಳೂ ಈಗ ಗಿಟಾರ್ ವಿದ್ವಾಂಸ ಅಂತ. ಅರ್ಥ ಕೇಳಿ ನಿಘಂಟು ತೆರೆದವನಿಗೆ ಬೈಗುಳ ಸಿಕ್ಕಿತು. 1957ರಲ್ಲಿ ಇಂಗ್ಲೆಂಡಿನ ಬರ್ಟ್ ವೀಡನ್ ಮಾಂಟೆಸಾರ್ಡೊಗಿಂತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಪ್ಲೇ ಇನ್ ಎ ಡೇ’ ಅಂತಲೇ ಪುಸ್ತಕ ಬರೆದ. ಒಂದೇ ದಿನದಲ್ಲಿ! ಎರಿಕ್ ಕ್ಲ್ಯಾಪ್ಟನ್‌ರಂಥ ಗಿಟಾರ್ ದಿಗ್ಗಜರು ಆ ಪುಸ್ತಕ ಹಿಡಿದೇ ಶುರುಮಾಡಿದ್ದು. ಅವರು ಒಂದೇ ದಿನಕ್ಕೆ ನಿಲ್ಲಿಸಲಿಲ್ಲ ಅನ್ನುವುದು ಬೇರೆ ವಿಷಯ.

ನಮ್ಮ ಷಡ್ಡಕರು ಇಂಥ ಮಾತನ್ನೆಲ್ಲ ನಂಬುವ ಜಾಯಮಾನದವರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ವಾಕಿಂಗು, ಷೇರು, ಹೋಮಿಯೋಪತಿ ಮೂರನ್ನೂ ಒಂದು ಕೈ ನೋಡಿ ಗಿಟಾರಿಗೆ ಬಂದರು. ಕಾರಣ ಕೇಳಿದರೆ 1981ಕ್ಕೆ ಹೋಗುತ್ತಾರೆ. ಆ ವರ್ಷ ಶಂಕರ್‌ನಾಗ್ ಅವರ ‘ಗೀತಾ’ ಬಂತು. ಸಂಗೀತ ಇಳಯರಾಜಾ ಅವರದು. ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶ್ ಅವರ ಕೈಕೆಳಗೆ ಕನ್ನಡ ಚಿತ್ರಗಳಿಗೆ ದುಡಿದವರು, ಸ್ವತಃ ಗಿಟಾರ್ ವಾದಕರು. ಆಗಿನ ಕಾಲೇಜು ಹುಡುಗರು ಎಷ್ಟೋ ಜನ ಆ ಹಾಡುಗಳನ್ನು ಕೇಳಿ ಗಿಟಾರ್ ಹುಚ್ಚು ಹಚ್ಚಿಕೊಂಡರು. ಷಡ್ಡಕರೂ ಹಚ್ಚಿಕೊಂಡರು. ಆದರೆ ಅವರ ತಂದೆಯವರು ಬ್ಯಾಂಕ್ ಪರೀಕ್ಷೆಯ ಅರ್ಜಿ ತಂದು ಕೈಗೆ ಕೊಟ್ಟರು. ನಲವತ್ತು ವರ್ಷ ಮ್ಯಾಚೂರ್ ಆಗದೆ ಕೂತಿದ್ದ ಆಸೆಯನ್ನು ಈಗ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದಾರೆ. ಬಡ್ಡಿ ಕಟ್ಟುತ್ತಿರುವವರು ಅಕ್ಕಪಕ್ಕದ ಮನೆಯವರು.

ಅವರ ಮನೆಯಲ್ಲಿ ಇನ್ನೊಂದು ತೊಡಕಿದೆ. ಅತ್ತಿಗೆ, ಅಂದರೆ ನನ್ನವಳ ಅಕ್ಕ, ಲಂಗ ಹಾಕುತ್ತಿದ್ದ ಕಾಲದಿಂದ ವೀಣೆ ನುಡಿಸುವವರು. ಗಿಟಾರ್ ಮನೆಗೆ ಬಂದ ದಿನ ಷಡ್ಡಕರು ಅದನ್ನು ಶ್ರುತಿ ಮಾಡಲು ಕೂತರು. ದಪ್ಪ ತಂತಿಯಿಂದ ಸಣ್ಣದರ ಕಡೆಗೆ ಇ, ಎ, ಡಿ, ಜಿ, ಬಿ, ಇ. ಫೋನಿನಲ್ಲಿ ಟ್ಯೂನರ್ ಆ್ಯಪ್ ಹಚ್ಚಿ, ಮುಳ್ಳು ನಡುವೆ ಬಂದು ಹಸಿರಾಗುವವರೆಗೂ ಬಿರಡೆ ತಿರುವಿದರು. ಅಡುಗೆಮನೆಯಿಂದಲೇ ಅತ್ತಿಗೆಯ ಪ್ರಶ್ನೆ ಬಂತು.

“ರೀ, ಒಂದರಿಂದ ಒಂದಕ್ಕೆ ಮಧ್ಯಮ, ಮಧ್ಯಮ, ಮಧ್ಯಮ ಅಂತ ಹೋಗ್ತಾ ಇತ್ತು. ಅಲ್ಯಾಕೆ ಮಧ್ಯೆ ಒಂದು ಗಾಂಧಾರ? ತಪ್ಪು ತಿರುವಿದ್ರಾ?”

ಕಿವಿ ಅಂದರೆ ಅದು. ಆ್ಯಪ್ ಬೇಕಿಲ್ಲ. ತಂತಿಯಿಂದ ತಂತಿಗೆ ಶುದ್ಧ ಮಧ್ಯಮದ ಅಂತರ, ಜಿ ಇಂದ ಬಿಗೆ ಮಾತ್ರ ಅಂತರ ಗಾಂಧಾರ. ತಪ್ಪಲ್ಲ, ಬೇಕೆಂದೇ ಮಾಡಿದ್ದು. ಎಲ್ಲವನ್ನೂ ಮಧ್ಯಮಕ್ಕೇ ಕೂಡಿಸುತ್ತ ಹೋದರೆ ಕೊನೆಯ ತಂತಿ ಇ ಆಗುವ ಬದಲು ಎಫ್ ಆಗುತ್ತದೆ, ಮೊದಲ ತಂತಿಗೂ ಕೊನೆಯ ತಂತಿಗೂ ಜಗಳ ಹತ್ತುತ್ತದೆ. ಗಾಂಧಾರ ಒಂದನ್ನು ನಡುವೆ ತೂರಿಸಿದ್ದಕ್ಕೆ ಮೇಲೂ ಇ, ಕೆಳಗೂ ಇ. ಒಂದು 82 ಹರ್ಟ್ಸ್, ಇನ್ನೊಂದು 330, ಸರಿಯಾಗಿ ಎರಡು ಸ್ಥಾಯಿ ಅಂತರ. ತಂತಿ ಆರು, ಒತ್ತುವ ಬೆರಳು ನಾಲ್ಕೇ, ಹೆಬ್ಬೆರಳು ಹಿಂದೆ ಆಸರೆಗೆ. ಉಳಿದ ತಂತಿಗಳು ಯಾರೂ ಮುಟ್ಟದೆಯೇ ಕಾರ್ಡಿಗೆ ಒಪ್ಪುವ ಸ್ವರ ಕೊಡಬೇಕು. ಹಾಗೆ ಮುಟ್ಟದ ತಂತಿಗಳ ಸಂಬಳವಿಲ್ಲದ ದುಡಿಮೆಯಿಂದ ನಡೆಯುವ ಕಾರ್ಡುಗಳೇ ಓಪನ್ ಕಾರ್ಡುಗಳು.

ಈ ಪುಕ್ಕಟೆ ದುಡಿಮೆ ಅತಿ ಹೆಚ್ಚು ಸಿಗುವುದು ಇ ಮೈನರಿನಲ್ಲಿ. ಸಣ್ಣ ತಂತಿಯಿಂದ ಎಣಿಸಿದರೆ ಐದನೇ ತಂತಿ, ನಾಲ್ಕನೇ ತಂತಿ, ಎರಡರದ್ದೂ ಎರಡನೇ ಫ್ರೆಟ್, ಅಂದರೆ ಕತ್ತಿನ ಮೇಲಿನ ಎರಡನೇ ಮನೆ. ಎರಡೇ ಬೆರಳು. ಮಿಕ್ಕ ನಾಲ್ಕು ತಂತಿ ತೆರೆದೇ ಇರಲಿ, ಆರನ್ನೂ ಒಮ್ಮೆಗೇ ಎಳೆಯಿರಿ. ಝಲ್ಲೆಂದು ಕೋಣೆ ತುಂಬುತ್ತದೆ. ಎಂಥ ದಡ್ಡನಿಗೂ ಮೊದಲ ಐದು ನಿಮಿಷದಲ್ಲಿ ತಾನು ಕಲಾವಿದ ಅನ್ನಿಸುವಂತೆ ಮಾಡುವ ಕಾರ್ಡು ಇದು. ಷಡ್ಡಕರಿಗೂ ಅನ್ನಿಸಿತು. ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದರು. ಆರು ಸೆಕೆಂಡಿನ ವಿಡಿಯೊ, ಆರು ಸೆಕೆಂಡೂ ಇ ಮೈನರೇ. ಅದಕ್ಕೆ ತೋರುಬೆರಳೊಂದನ್ನು ಮೂರನೇ ತಂತಿಯ ಮೊದಲ ಫ್ರೆಟ್ಟಿಗೆ ಸೇರಿಸಿದರೆ ಇ ಮೇಜರ್. ಎತ್ತಿದರೆ ಮತ್ತೆ ಮೈನರ್.

ಇದನ್ನು ಕೇಳಿ ಅತ್ತಿಗೆ ಮೊದಲ ಸಲ ಒಲೆ ಸಣ್ಣ ಮಾಡಿ ಹಾಲಿಗೆ ಬಂದರು. “ಇನ್ನೊಂದ್ಸಲ ಬೆರಳು ಎತ್ತಿ, ಇಡಿ. ಅಷ್ಟೇನಾ? ಸಾಧಾರಣ ಗಾಂಧಾರ, ಅಂತರ ಗಾಂಧಾರ! ಇದಕ್ಕೇನಾ ನೀವು ಮೈನರು ಮೇಜರು ಅಂತ ಗಂಟಲು ಹರ್ಕೊಳ್ತಿದ್ದದ್ದು?”

ಅಷ್ಟೇ. ಷಡ್ಜ, ಪಂಚಮ ಇದ್ದಲ್ಲೇ ಇರುತ್ತವೆ, ಗಾಂಧಾರವೊಂದು ಅರ್ಧ ಮೆಟ್ಟಿಲು ಇಳಿದರೆ ಮುಖ ಬಾಡುತ್ತದೆ, ಏರಿದರೆ ಅರಳುತ್ತದೆ. ನಾಲ್ಕು ಪುಟದ ಪಾಶ್ಚಾತ್ಯ ಸಂಗೀತ ಶಾಸ್ತ್ರವನ್ನು ಅವರು ಸೌಟು ಹಿಡಿದುಕೊಂಡೇ ಮುಗಿಸಿದರು. ವೀಣೆಯ ಪಕ್ಕದ ಮೂರು ತಾಳದ ತಂತಿಗಳೂ ಷಡ್ಜ, ಪಂಚಮ, ಮೇಲಿನ ಷಡ್ಜ ಅಂತಲೇ ಇರುವುದು. ಅಲ್ಲಿ ಗಾಂಧಾರವನ್ನು ರಾಗಕ್ಕೆ ಬಿಟ್ಟಿದ್ದಾರೆ, ಜಾಣರು.

ಇ ಮೇಜರಿನ ಮೂರೂ ಬೆರಳನ್ನು ಹಾಗೆಯೇ ಒಂದೊಂದು ತಂತಿ ಕೆಳಗೆ ಸರಿಸಿದರೆ ಎ ಮೈನರ್. ಅಲ್ಲಿಂದ ಉಂಗುರ ಬೆರಳೊಂದನ್ನು ಎತ್ತಿ ಐದನೇ ತಂತಿಯ ಮೂರನೇ ಫ್ರೆಟ್ಟಿಗೆ ಹಾಕಿದರೆ ಸಿ. ಹೇಳುವುದು ಸುಲಭ. ಆ ಉಂಗುರ ಬೆರಳು ಜನ್ಮದಲ್ಲಿ ಉಂಗುರ ಹಾಕಿಸಿಕೊಳ್ಳುವುದು ಬಿಟ್ಟರೆ ಬೇರೆ ಕೆಲಸ ಮಾಡಿದ್ದಲ್ಲ. ಒಮ್ಮೆಲೇ ಚಾಚು ಅಂದರೆ ಪಕ್ಕದ ಬೆರಳನ್ನೂ ಎಳೆದುಕೊಂಡು ಹೋಗುತ್ತದೆ. ತೋರುಬೆರಳೋ, ನೆಟ್ಟಗೆ ನಿಲ್ಲುವ ಬದಲು ಒರಗಿ ಕೂತು ಮೊದಲನೇ ತಂತಿಯ ಬಾಯಿ ಮುಚ್ಚಿಸುತ್ತದೆ. ಅದಕ್ಕೇ ಹೊಸಬರ ಸಿ ಯಾವಾಗಲೂ ಅರ್ಧಕ್ಕೆ ಗೊರಕೆ ಹೊಡೆಯುವುದು. ಡಿ ಹಿಡಿಯುವಾಗ ಬೆರಳುಗಳು ಸಣ್ಣ ತ್ರಿಕೋನ ಕಟ್ಟುತ್ತವೆ, ನೋಡಲು ಮುದ್ದಾಗಿದೆ, ಆದರೆ ಅದಕ್ಕೆ ನಾಲ್ಕೇ ತಂತಿ ಬಾರಿಸಬೇಕು. ಉತ್ಸಾಹ ಹೆಚ್ಚಿದವರು ಆರನ್ನೂ ಬಾರಿಸಿ ಅದರ ಅಂದ ಕೆಡಿಸುತ್ತಾರೆ. ಜಿಗೆ ಇಬ್ಬರು ಮೇಷ್ಟರು ಎರಡು ಥರ ಬೆರಳು ಹೇಳಿಕೊಡುತ್ತಾರೆ, ಇಬ್ಬರೂ ಇನ್ನೊಬ್ಬರದ್ದು ತಪ್ಪು ಅನ್ನುತ್ತಾರೆ.

ಎ ಮೇಜರಿನ ಸಂಗತಿಯೇ ಬೇರೆ. ಮೂರು ತಂತಿ, ಮೂರು ಬೆರಳು, ಎಲ್ಲರಿಗೂ ಒಂದೇ ಫ್ರೆಟ್. ಹಬ್ಬದ ಹಿಂದಿನ ರಾತ್ರಿ ಕೆಎಸ್‌ಆರ್‌ಟಿಸಿ ಬಸ್ಸಿನ ಇಬ್ಬರ ಸೀಟಿನಲ್ಲಿ “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ” ಅಂತ ಮೂರನೆಯವರು ಬಂದು ಕೂತ ಹಾಗೆ. ಕೊನೆಯವರ ಅರ್ಧ ದೇಹ ಹಾದಿಯಲ್ಲೇ. ಷಡ್ಡಕರ ಬೆರಳುಗಳು ರಾಗಿಮುದ್ದೆ ಉಂಡು ಬೆಳೆದವು, ಅಡ್ಜಸ್ಟ್ ಮಾಡಿಕೊಳ್ಳುವ ಪೈಕಿ ಅಲ್ಲ.

ಇನ್ನು ನೋವು. ಬೆರಳ ತುದಿ ನೋಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಹೇಳುವುದಿಲ್ಲ. ಅಕೌಸ್ಟಿಕ್ ಗಿಟಾರಿಗೆ ಮಾಮೂಲಾಗಿ ಹಾಕುವ ಲೈಟ್ ಉಕ್ಕಿನ ತಂತಿಗಳು ಶ್ರುತಿಗೆ ಬಂದಾಗ ಆರೂ ಸೇರಿ ಎಳೆಯುವ ಬಲ ಸುಮಾರು 70 ಕೆಜಿ ತೂಕದಷ್ಟು. ಲೈಟ್ ಅನ್ನುವ ಹೆಸರೇ ಒಂದು ತಮಾಷೆ. ಇಷ್ಟು ಬಿಗಿದ ತಂತಿಯನ್ನು, ಕಡತ ತಿರುವಿ ಅಭ್ಯಾಸವಾದ ಮೆತ್ತನೆ ಬೆರಳು ಒತ್ತಬೇಕು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ ಎಳೆತ ಹೆಚ್ಚುಕಮ್ಮಿ ಅರ್ಧ. ಹಿಂದೆ ಅದಕ್ಕೆ ಕರುಳಿನ ತಂತಿ ಕಟ್ಟುತ್ತಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಅದಕ್ಕೆ ಅಭಾವ ಬಂದು, ಗಿಟಾರ್ ವಾದಕ ಆಂದ್ರೆಸ್ ಸೆಗೋವಿಯಾ ಮತ್ತು ತಂತಿ ತಯಾರಕ ಆಲ್ಬರ್ಟ್ ಆಗಸ್ಟೀನ್ ಸೇರಿ ನೈಲಾನ್ ಬಳಕೆಗೆ ತಂದರು. ಬೆರಳಿನ ಮೇಲೆ ದಯೆ ಇರುವವರು ಅದರಲ್ಲೇ ಶುರುಮಾಡಬಹುದು. ಆದರೆ ನೈಲಾನ್ ಗಿಟಾರಿಗೆ ಉಕ್ಕಿನ ತಂತಿ ಕಟ್ಟಬೇಡಿ, ಮರ ಎದ್ದು ಬರುತ್ತದೆ.

ಷಡ್ಡಕರು ಮೊದಲ ವಾರವೇ ಬೆರಳು ಊದಿಕೊಳ್ಳುತ್ತ ಬಂದು ನಮ್ಮ ಸೋಫಾದ ಮೇಲೆ ಕೂತರು. ಸಹಾನುಭೂತಿ ಬೇಕಿತ್ತು ಅಂತ ಕಾಣುತ್ತದೆ. “ಭಾವ, ಫ್ರೆಟ್ ಕಂಬಿಗೆ ತೀರಾ ಹತ್ತಿರ, ಅದರ ಹಿಂದೆ ಒತ್ತಿ, ಆಗ ಅರ್ಧ ಬಲ ಸಾಕು. ಎಡಗೈ ಉಗುರು ಕತ್ತರಿಸಿ,” ಅಂದೆ. ಜತೆಗೆ ಬಂದಿದ್ದ ಅತ್ತಿಗೆ ಏನೂ ಅನ್ನಲಿಲ್ಲ. ತಮ್ಮ ಎಡಗೈಯ ಎರಡು ಬೆರಳು ಮುಂದೆ ಹಿಡಿದರು. ತಂತಿ ಜಾರಿ ಜಾರಿ ಬಿದ್ದ ಗೆರೆ, ಜಡ್ಡುಗಟ್ಟಿದ ಚರ್ಮ. ವೈಣಿಕರ ಬೆರಳು ಇರುವುದೇ ಹಾಗೆ. ಷಡ್ಡಕರು ಆಮೇಲೆ ನೋವಿನ ಸುದ್ದಿ ಎತ್ತಿಲ್ಲ. ಕೆಲವು ವಾರ ತಪ್ಪದೆ ಒತ್ತಿದರೆ ಗಿಟಾರಿನವರಿಗೂ ಜಡ್ಡುಗಟ್ಟುತ್ತದೆ. ಬಿಟ್ಟುಬಿಟ್ಟರೆ ಅದೂ ಬಿಟ್ಟುಹೋಗುತ್ತದೆ.

ಇಷ್ಟೆಲ್ಲ ಆದ ಮೇಲೆ ಬರುವುದು ಅಸಲು ಪರೀಕ್ಷೆ. ಜಿ ಬರುತ್ತದೆ, ಸಿ ಬರುತ್ತದೆ. ಜಿ ಇಂದ ಸಿಗೆ ಹೋಗಲು ಮಾತ್ರ ಬರುವುದಿಲ್ಲ. ಷಡ್ಡಕರು ಹಾಡಲು ಶುರುಮಾಡುತ್ತಾರೆ, ಪಲ್ಲವಿಯ ಮೊದಲ ಅರ್ಧ ಜೋರಾಗಿ ಸಾಗುತ್ತದೆ, ಅಲ್ಲಿ ಕಾರ್ಡು ಬದಲಾಗಬೇಕು. ಹಾಡು ನಿಲ್ಲುತ್ತದೆ. ತಲೆ ಬಗ್ಗುತ್ತದೆ. ಕನ್ನಡಕ ಮೂಗಿನ ತುದಿಗೆ ಇಳಿಯುತ್ತದೆ. ಬಲಗೈಯಿಂದ ಎಡಗೈ ಬೆರಳುಗಳನ್ನು ಒಂದೊಂದಾಗಿ ಹಿಡಿದು ತಂತಿಯ ಮೇಲೆ ಕೂರಿಸುತ್ತಾರೆ. ಅಷ್ಟರಲ್ಲಿ ಕೆಳಗಿನ ಮನೆಯ ಮಗು ಉಳಿದರ್ಧ ಪಲ್ಲವಿಯನ್ನು ತಾನೇ ಹಾಡಿ ಮುಗಿಸಿರುತ್ತದೆ.

ಇದಕ್ಕೆ ಮದ್ದಿದೆ, ಮೇಷ್ಟರುಗಳು ಹೇಳುತ್ತಲೂ ಇರುತ್ತಾರೆ, ಯಾರೂ ಕೇಳುವುದಿಲ್ಲ. ಹಾಡು ಬದಿಗಿಡಿ. ಎರಡೇ ಕಾರ್ಡು ತೆಗೆದುಕೊಂಡು ಒಂದು ನಿಮಿಷದಲ್ಲಿ ಎಷ್ಟು ಸಲ ಅತ್ತಿಂದಿತ್ತ ಹೋಗಿಬರಬಹುದು ಅಂತ ಎಣಿಸಿ. ಎಲ್ಲ ಬೆರಳನ್ನೂ ಕಿತ್ತು ಮತ್ತೆ ನೆಡುವ ಅಗತ್ಯವಿಲ್ಲ. ಎ ಮೈನರಿನಿಂದ ಸಿಗೆ ಹೋಗುವಾಗ ಎರಡು ಬೆರಳು ಕದಲುವುದೇ ಬೇಡ, ಒಂದು ಹೊರಟರೆ ಸಾಕು. ಅದಕ್ಕಿಂತ ದೊಡ್ಡ ಗುಟ್ಟು ಬಲಗೈಯದ್ದು. ಎಡಗೈ ಏನೇ ಅವಾಂತರ ಮಾಡಲಿ, ಬಾರಿಸುವ ಕೈ ತಾಳ ಬಿಟ್ಟು ನಿಲ್ಲಬಾರದು. ಬೆರಳುಗಳು ಗಾಳಿಯಲ್ಲಿದ್ದಾಗ ಒಂದು ಮೇಲೇಟು ತೆರೆದ ತಂತಿಗಳ ಮೇಲೆ ಬಿದ್ದರೆ ಬೀಳಲಿ, ವೇದಿಕೆಯ ಮೇಲಿನವರೂ ಎಷ್ಟೋ ಸಲ ಅದನ್ನೇ ಮಾಡುತ್ತಾರೆ. ಕಾರ್ಡು ತಪ್ಪಿದ್ದು ಕೇಳುಗರಲ್ಲಿ ಹತ್ತಕ್ಕೆ ಒಬ್ಬರಿಗೂ ತಿಳಿಯುವುದಿಲ್ಲ. ತಾಳ ನಿಂತದ್ದು ಬೀದಿಗೆಲ್ಲ ತಿಳಿಯುತ್ತದೆ.

ನಾಲ್ಕು ಕಾರ್ಡು ಹೀಗೆ ಓಡಾಡತೊಡಗಿದ ಮೇಲೆ ಐದನೆಯದರ ಹಸಿವು ಹುಟ್ಟುತ್ತದೆ. ಬೀಟಲ್ಸ್ ಆಗುವುದಕ್ಕೂ ಮೊದಲು ಲಿವರ್‌ಪೂಲಿನ ಆ ಹುಡುಗರಿಗೆ ಇ ಗೊತ್ತಿತ್ತು, ಎ ಗೊತ್ತಿತ್ತು, ಬಿ ಸೆವೆನ್ ಗೊತ್ತಿರಲಿಲ್ಲ. ಊರಿನ ಆ ತುದಿಯಲ್ಲಿ ಯಾರಿಗೋ ಬಿ ಸೆವೆನ್ ಬರುತ್ತದೆ ಅಂತ ಸುದ್ದಿ ಬಂದದ್ದೇ ಬಸ್ಸು ಹತ್ತಿ ಹೋಗಿ ಕಲಿತುಬಂದರಂತೆ. ಅವರಲ್ಲೊಬ್ಬರಾದ ಪಾಲ್ ಮೆಕಾರ್ಟ್ನಿ ಈ ಕಥೆಯನ್ನು ಅನೇಕ ಸಲ ಹೇಳಿದ್ದಾರೆ. ಒಂದು ಕಾರ್ಡಿಗೆ ಒಂದು ಬಸ್ ಪ್ರಯಾಣ! ನಮ್ಮ ಫೋನಿನಲ್ಲಿ ಬಿ ಸೆವೆನ್ನಿಗೇ ನೂರಾರು ವಿಡಿಯೊ ಇದೆ, ಆದ್ದರಿಂದ ನಾಳೆ ನೋಡೋಣ ಅನ್ನುತ್ತೇವೆ.

ಆಮೇಲೆ ಎಫ್. ತೋರುಬೆರಳನ್ನು ಮಲಗಿಸಿ ಮೊದಲ ಫ್ರೆಟ್ಟಿನ ಆರೂ ತಂತಿಯನ್ನು ಒಟ್ಟಿಗೆ ಒತ್ತಬೇಕು, ಮಿಕ್ಕ ಮೂರು ಬೆರಳಲ್ಲಿ ಇ ಹಿಡಿಯಬೇಕು. ತೆರೆದ ತಂತಿ ಒಂದೂ ಇಲ್ಲ, ಪುಕ್ಕಟೆ ದುಡಿಮೆ ಬಂದ್. ತಮಾಷೆಯೆಂದರೆ ಇದೇ ಬಾರ್ ಹಿಡಿತ ಐದನೇ ಫ್ರೆಟ್ಟಿನಲ್ಲಿ ಇಷ್ಟು ಕಾಡುವುದಿಲ್ಲ. ಮೊದಲ ಫ್ರೆಟ್ಟು ತಂತಿ ಕೂರುವ ನಟ್ ಪಟ್ಟಿಗೆ ಅಂಟಿಕೊಂಡಿದೆ, ಅಲ್ಲಿ ತಂತಿ ಬಗ್ಗುವುದೇ ಕಷ್ಟ. ಹೊಸಬರಿಗೆ ಅತಿ ಮೊದಲು ಬೇಕಾಗುವ ಬಾರ್ ಕಾರ್ಡು ಅತಿ ಕಷ್ಟದ ಜಾಗದಲ್ಲೇ ಇದೆ. ಗಿಟಾರ್ ಹಿಡಿದ ಹತ್ತರಲ್ಲಿ ಒಂಬತ್ತು ಮಂದಿ ಮೊದಲ ವರ್ಷದಲ್ಲೇ ಬಿಡುತ್ತಾರೆ ಅಂತ ಗಿಟಾರ್ ತಯಾರಿಸುವ ಫೆಂಡರ್ ಕಂಪನಿಯ ಮುಖ್ಯಸ್ಥರು ಹಿಂದೊಮ್ಮೆ ಹೇಳಿದ್ದರು. ಎಫ್ ಹತ್ತಿರ ಎಷ್ಟು ಜನ ಬಿದ್ದರು ಅಂತ ಅವರು ಹೇಳಲಿಲ್ಲ, ನನಗೆ ಗುಮಾನಿ ಇದೆ. ಕೆಳಗಿನ ನಾಲ್ಕೇ ತಂತಿಯಲ್ಲಿ ಹಿಡಿಯುವ ಪುಟ್ಟ ಎಫ್ ಒಂದಿದೆ, ಅದನ್ನು ಹಿಡಿಯಿರಿ. ಅಥವಾ ಗಿಟಾರಿನ ಕತ್ತಿಗೆ ಕ್ಯಾಪೊ ಎಂಬ ಕ್ಲಿಪ್ಪು ಕಚ್ಚಿಸಿಕೊಂಡು ಗೊತ್ತಿರುವ ಕಾರ್ಡುಗಳಲ್ಲೇ ಶ್ರುತಿ ಏರಿಸಿ ಹಾಡಿ. ಅದನ್ನು ಮೋಸ ಅನ್ನುವವರಿಗೆ ಕ್ಯಾಪೊದ ಬೆಲೆ ಗೊತ್ತಿಲ್ಲ, ಬೆರಳಿನ ಬೆಲೆಯೂ ಗೊತ್ತಿಲ್ಲ.

ಅತ್ತಿಗೆ ಸುಮ್ಮನೆ ಬಿಡುವವರೇ? ಒಂದು ಸಂಜೆ ಕೇಳಿಯೇಬಿಟ್ಟರು. “ನಾನು ಮಾಯಾಮಾಳವಗೌಳದ ಸರಳೆ ನುಡಿಸ್ತೀನಿ, ನಿಮ್ಮ ಕಾರ್ಡ್ ಸೇರಿಸಿ ನೋಡೋಣ.” ಪುರಂದರದಾಸರ ಕಾಲದಿಂದ ನಮ್ಮಲ್ಲಿ ಮಕ್ಕಳ ಮೊದಲ ಪಾಠ ಆ ರಾಗದಲ್ಲೇ. ಸಿಯನ್ನು ಷಡ್ಜ ಮಾಡಿಕೊಂಡರೆ ಸಿ ಕಾರ್ಡು ಸೇರಿತು. ಆಮೇಲೆ ಬೇಕಾದ ಡಿ ಫ್ಲಾಟ್, ಎಫ್ ಮೈನರ್ ಎರಡೂ ಬಾರ್ ಕಾರ್ಡುಗಳೇ. ನಮ್ಮ ಒಂದನೇ ಪಾಠದಲ್ಲೇ ಆ ಜೆರಾಕ್ಸ್ ಹಾಳೆಯ ಎಂಟು ಕಾರ್ಡು ಮುಗ್ಗರಿಸಿದವು. ಷಡ್ಡಕರ ಮುಖದಲ್ಲಿ ಗಾಂಧಾರ ಇಳಿಯಿತು. ಪಾಪ ಅನ್ನಿಸಿ ಅತ್ತಿಗೆ ಮೋಹನಕ್ಕೆ ಹೊರಳಿದರು. ಸಿ, ಎ ಮೈನರ್ ಎರಡೇ ಇಟ್ಟುಕೊಂಡು ಷಡ್ಡಕರು ಅರ್ಧ ಗಂಟೆ ಜತೆಗೆ ಬಾರಿಸಿದರು, ಒಂದು ಸಲವೂ ನಿಲ್ಲಲಿಲ್ಲ. ಶಂಕರಾಭರಣವೂ ಹೀಗೆ ಒಲಿಯುತ್ತದೆ. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ್ದೂ ಅದೇ ಸ್ವರಗಳಲ್ಲಿ. ಮೈಸೂರಿನ ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರ್ ಹಿಡಿದು ಹಾಡಿ ಹೊರದೇಶದವರನ್ನೂ ಕುಣಿಸಿದ್ದಾರೆ. ತತ್ವಪದಕ್ಕೆ ಕಾರ್ಡು ಹೆಚ್ಚು ಬೇಡ, ಗಂಟಲು ಬೇಕು.

ನಿಮ್ಮ ಮನೆಯಲ್ಲಿ ಯಾರಾದರೂ ಗಿಟಾರ್ ಕಲಿಯುತ್ತಿದ್ದರೆ ನನ್ನದೊಂದು ಕೋರಿಕೆ. ನೆಂಟರು ಕಾಫಿ ಕುಡಿಯುವ ಹೊತ್ತಿಗೆ ಸರಿಯಾಗಿ “ಎಲ್ಲಿ, ಒಂದು ಹಾಡು ಬಾರಿಸು ನೋಡೋಣ” ಅನ್ನಬೇಡಿ. ಕೇಳಲೇಬೇಕು ಅಂತಿದ್ದರೆ ಎಫ್ ಇಲ್ಲದ ಹಾಡು ಕೇಳಿ, ಕಾರ್ಡು ಬದಲಾಗುವ ಹೊತ್ತಿಗೆ ಎಲ್ಲರೂ ಸ್ವಲ್ಪ ಜೋರಾಗಿ ಹಾಡಿ.